‘ಸಬ್ ಠೀಕ್ ಹೈ’ ಅಂತ ಬರೆಸಬೇಡಿ: ಸಿಯಾಚಿನ್‌ನಿಂದ ಇಳಿದವರ ಆರೋಗ್ಯದ ಲೆಕ್ಕ

ಪ್ರಶ್ನೆ: ನಮ್ಮದು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿ. ನಮ್ಮ ಮನೆಯವರು ಆರ್ಮಿಯಲ್ಲಿ ಹವಾಲ್ದಾರ್. ಮೂರು ತಿಂಗಳು ಸಿಯಾಚಿನ್‌ನಲ್ಲಿ ಇದ್ದು, ಕೆಳಗೆ ಇಳಿದು ಒಂದೂವರೆ ತಿಂಗಳಾಯಿತು. ಈಗ ರಜೆ ಮೇಲೆ ಮನೆಗೆ ಬಂದಿದ್ದಾರೆ. ಮುಂದಿನ ವರ್ಷ ಪಿಂಚಣಿಗೆ ಬರುತ್ತಾರೆ. ‘ಎಲ್ಲಾ ಚೆಕ್‌ಅಪ್ ಆಗಿದೆ, ನಾನು ಆರಾಮ ಇದ್ದೀನಿ’ ಅನ್ನುತ್ತಾರೆ. ಆದರೆ ರಾತ್ರಿ ನಿದ್ದೆ ಇಲ್ಲ. ಬೇಗ ಸಿಟ್ಟು ಬರುತ್ತದೆ. ಇಟ್ಟ ಸಾಮಾನು ಮರೆಯುತ್ತಾರೆ. ಕಿವಿಯಲ್ಲಿ ಗುಂಯ್ ಅನ್ನುತ್ತದಂತೆ. ಬೆಳಿಗ್ಗೆ ಅಂಗಿ ಗುಂಡಿ ಹಾಕೋಕೆ ಮಗನನ್ನು ಕರೆಯುತ್ತಾರೆ. ಅಮೆರಿಕದಲ್ಲಿ ಸೈನಿಕರ ರಕ್ತ ತೆಗೆದು ವರ್ಷಗಟ್ಟಲೆ ಇಟ್ಟುಕೊಂಡು ಆರೋಗ್ಯ ನೋಡುತ್ತಾರೆ ಅಂತ ನಮ್ಮ ಅಳಿಯ ಫೋನಿನಲ್ಲಿ ಓದಿ ಹೇಳಿದ. ಅದು ಖರೇನಾ? ನಮ್ಮಲ್ಲಿ ಯಾರು ಲೆಕ್ಕ ಇಡುತ್ತಾರೆ? ನಾವು ಈಗ ಏನು ಮಾಡಬೇಕು?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ನಿಂತದ್ದು ಆ ಅಂಗಿ ಗುಂಡಿಯ ಹತ್ತಿರ. ನಿದ್ದೆ, ಸಿಟ್ಟು, ಮರೆವು ಎಲ್ಲಾ ಆಮೇಲೆ ನೋಡೋಣ. ಗುಂಡಿ ಹಾಕೋಕೆ ಆಗುತ್ತಿಲ್ಲ ಅಂದರೆ ಬೆರಳ ತುದಿಗೆ ಸ್ಪರ್ಶ ಸರಿಯಾಗಿ ತಿಳಿಯುತ್ತಿಲ್ಲ ಅಂತ ಇರಬಹುದು. ಮೇಲೆ ಇದ್ದಾಗ ಬೆರಳಿಗೆ ಚಳಿ ಹೊಡೆದಿರಬಹುದು. ಅದನ್ನು ಅವರು ಯಾರಿಗೂ ಹೇಳಿರಲಿಕ್ಕಿಲ್ಲ.

ಹೀಗೆ ಹೇಳೋಕೆ ಕಾರಣ ಇದೆ. ನಾನು ಸೇನೆಯ ವೈದ್ಯನಾಗಿ ಉತ್ತರದ ಗಡಿಯಲ್ಲಿ ಇದ್ದಾಗ, ಮೇಲಿನ ಪೋಸ್ಟ್‌ಗಳಿಂದ ಇಳಿದು ಬಂದವರನ್ನು ಸಾಲಾಗಿ ನಿಲ್ಲಿಸಿ ನೋಡುತ್ತಿದ್ದೆವು. ಏನಾದರೂ ತೊಂದರೆ ಇದೆಯಾ ಅಂದರೆ ಒಬ್ಬೊಬ್ಬರದೂ ಒಂದೇ ಉತ್ತರ: ‘ಸಬ್ ಠೀಕ್ ಹೈ ಸಾಬ್.’ ಬಿ.ಪಿ. ಸರಿ, ನಾಡಿ ಸರಿ, ಮುಂದೆ ಹೋಗು. ಒಬ್ಬ ಜವಾನ ಪರೀಕ್ಷೆ ಮುಗಿಸಿ, ಅಂಗಿ ತೆರೆದುಕೊಂಡೇ ಹೊರಗೆ ಹೊರಟ. ಹೊರಗೆ ಕೊರೆಯುವ ಚಳಿ. ಯಾಕಪ್ಪಾ ಹೀಗೆ ಅಂತ ಕರೆದು ಕೈ ನೋಡಿದೆ. ಎರಡು ಬೆರಳ ತುದಿ ಬೆಳ್ಳಗೆ, ಮೇಣದ ಹಾಗೆ. ಗುಂಡುಸೂಜಿ ಮುಟ್ಟಿಸಿದರೆ ಗೊತ್ತಾಗುತ್ತಿರಲಿಲ್ಲ. ‘ಯಾಕೆ ಹೇಳಲಿಲ್ಲ?’ ಅಂದೆ. ‘ಕೇಡರ್ ಇದೆ ಸಾಬ್, ಕ್ಯಾಟಗರಿ ಬಿದ್ದರೆ ಪ್ರಮೋಷನ್ ಹೋಗುತ್ತೆ’ ಅಂದ. ಕೇಡರ್ ಅಂದರೆ ಪ್ರಮೋಷನ್‌ಗೆ ಮುಂಚಿನ ತರಬೇತಿ. ಅವತ್ತಿನಿಂದ ನಾನು ಬಾಯಿಂದ ಕೇಳೋದು ಕಡಿಮೆ ಮಾಡಿದೆ. ಎಲ್ಲರಿಗೂ ಗುಂಡಿ ಬಿಚ್ಚಿ ಹಾಕಿ ತೋರಿಸು ಅಂತಿದ್ದೆ.

ಕ್ಯಾಟಗರಿ ಅಂದರೆ ಏನು ಅಂತ ನಿಮಗೆ ಗೊತ್ತಿರಬೇಕು, ಯಾಕೆಂದರೆ ನಮ್ಮ ಸೇನೆಯ ಆರೋಗ್ಯದ ಲೆಕ್ಕ ನಡೆಯೋದೇ ಅದರ ಮೇಲೆ. ಅದಕ್ಕೆ ‘ಶೇಪ್’ ಅನ್ನುತ್ತಾರೆ. ಇಂಗ್ಲಿಷಿನ ಐದು ಅಕ್ಷರ. ಎಸ್ ಅಂದರೆ ಮನಸ್ಸು, ಎಚ್ ಅಂದರೆ ಕಿವಿ, ಎ ಅಂದರೆ ಕೈಕಾಲು, ಪಿ ಅಂದರೆ ಒಟ್ಟು ದೇಹದ ಶಕ್ತಿ, ಇ ಅಂದರೆ ಕಣ್ಣು. ಒಂದೊಂದಕ್ಕೂ 1ರಿಂದ 5ರ ತನಕ ಅಂಕ. ಎಲ್ಲದರಲ್ಲೂ 1 ಇದ್ದರೆ ‘ಶೇಪ್ ಒನ್’, ಎಲ್ಲಿ ಬೇಕಾದರೂ ಕಳಿಸಬಹುದು. ಅದಕ್ಕಿಂತ ಇಳಿದರೆ ‘ಲೋ ಮೆಡಿಕಲ್ ಕ್ಯಾಟಗರಿ’. ಮೊದಲು ಕೆಲವು ವಾರಗಳ ಮಟ್ಟಿಗೆ ತಾತ್ಕಾಲಿಕ, ಆಮೇಲೂ ಸರಿಹೋಗದಿದ್ದರೆ ಕಾಯಂ. ಇದರ ಜೊತೆ ವರ್ಷಕ್ಕೊಮ್ಮೆ ವೈದ್ಯಕೀಯ ಪರೀಕ್ಷೆ. ಘಟಕಕ್ಕೆ ಒಬ್ಬ ಡಾಕ್ಟರು, ಅಂದರೆ ಆರ್‌ಎಂಒ, ಎಂ.ಐ. ರೂಮ್ ಅನ್ನುವ ಒಂದು ಚಿಕಿತ್ಸೆಯ ಕೋಣೆ, ಮೇಲಿನ ಪೋಸ್ಟ್‌ಗಳಲ್ಲಿ ನರ್ಸಿಂಗ್ ಅಸಿಸ್ಟೆಂಟ್. ಹಾಗಾಗಿ ‘ನಮ್ಮಲ್ಲಿ ಯಾರೂ ನೋಡೋದಿಲ್ಲ’ ಅನ್ನೋದು ತಪ್ಪು. ನೋಡುತ್ತಾರೆ. ತೊಡಕು ಬೇರೆ ಕಡೆ ಇದೆ. ಜ್ವರ ಎಷ್ಟು ಅಂತ ಕೇಳುವ ಡಾಕ್ಟರ ಕೈಯಲ್ಲೇ ಪ್ರಮೋಷನ್ ಕೂಡ ಇದ್ದರೆ, ಯಾವ ಮನುಷ್ಯ ನಿಜ ಹೇಳುತ್ತಾನೆ ಹೇಳಿ? ಮೂರು ಮಕ್ಕಳ ಫೀಸು ಕಟ್ಟುವ ಹವಾಲ್ದಾರ್ ಅಂತೂ ಹೇಳೋದಿಲ್ಲ.

ಈಗ ನಿಮ್ಮ ಅಳಿಯ ಹೇಳಿದ ಅಮೆರಿಕದ ಮಾತು. ಅದು ಖರೇನೇ. ಅಲ್ಲಿ ಸೈನಿಕರ ರಕ್ತದ ಮಾದರಿಗಳನ್ನು ಹೆಪ್ಪುಗಟ್ಟಿಸಿ ಇಟ್ಟಿರುವ ಒಂದು ದೊಡ್ಡ ಉಗ್ರಾಣ ಇದೆ. ಕೋಟಿಗಟ್ಟಲೆ ಮಾದರಿಗಳು. ಕೆಲಸಕ್ಕೆ ಕಳಿಸುವ ಮೊದಲಿನದು, ಬಂದ ಮೇಲಿನದು ಎರಡೂ ಸಿಗುತ್ತವೆ. ನಾಳೆ ಯಾರಿಗಾದರೂ ಕಾಯಿಲೆ ಬಂದರೆ ಹಿಂದಿನ ರಕ್ತ ತೆಗೆದು ನೋಡಬಹುದು. 2022ರಲ್ಲಿ ಇದೇ ಉಗ್ರಾಣದ ರಕ್ತದಿಂದ ಒಂದು ದೊಡ್ಡ ವಿಷಯ ತಿಳಿಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರದ ಕಾಯಿಲೆಗೂ ಎಪ್‌ಸ್ಟೈನ್-ಬಾರ್ ಅನ್ನುವ ವೈರಸ್‌ಗೂ ಎಷ್ಟು ಹತ್ತಿರದ ನಂಟು ಅಂತ. ಒಂದು ಕೋಟಿಗೂ ಜಾಸ್ತಿ ಸೈನಿಕರ ದಾಖಲೆ ಜಾಲಾಡಿ ಕಂಡುಕೊಂಡದ್ದು ಅದು. ಯುದ್ಧಕ್ಕೂ ಅದಕ್ಕೂ ಸಂಬಂಧವೇ ಇಲ್ಲ ನೋಡಿ. ಎತ್ತಿಟ್ಟಿದ್ದು ಯಾವಾಗ ಯಾವುದಕ್ಕೆ ಬರುತ್ತದೋ ಹೇಳೋಕೆ ಆಗೋದಿಲ್ಲ.

ಆದರೆ ಅವರು ಇಷ್ಟು ಗಟ್ಟಿಯಾಗಿ ಲೆಕ್ಕ ಇಡೋಕೆ ಶುರು ಮಾಡಿದ್ದು ಬುದ್ಧಿವಂತಿಕೆಯಿಂದ ಅಲ್ಲ, ಪೆಟ್ಟು ತಿಂದು. 1990–91ರ ಕೊಲ್ಲಿ ಯುದ್ಧಕ್ಕೆ ಸುಮಾರು 7 ಲಕ್ಷ ಅಮೆರಿಕನ್ ಸೈನಿಕರು ಹೋದರು. ನೆಲದ ಮೇಲಿನ ಯುದ್ಧ ನಾಲ್ಕೇ ದಿನ. ಗೆದ್ದು, ಮೆರವಣಿಗೆ ಮಾಡಿಸಿಕೊಂಡು ಮನೆಗೆ ಬಂದರು. ಆಮೇಲೆ ಒಬ್ಬೊಬ್ಬರಾಗಿ ಡಾಕ್ಟರ ಹತ್ತಿರ ಬರತೊಡಗಿದರು. ಸುಸ್ತು, ಕೀಲುನೋವು, ತಲೆನೋವು, ಮರೆವು, ಹೊಟ್ಟೆಯ ತೊಂದರೆ. ಪರೀಕ್ಷೆ ಮಾಡಿದರೆ ಎಲ್ಲಾ ನಾರ್ಮಲ್. ಕೆಲವರಿಗೆ ‘ಅದೆಲ್ಲಾ ನಿಮ್ಮ ಮನಸ್ಸಿನ ಭ್ರಮೆ’ ಅಂತಲೂ ಹೇಳಿ ಕಳಿಸಿದರು. ಕೊನೆಗೆ 2008ರಲ್ಲಿ ಅಲ್ಲಿನ ಸರ್ಕಾರದ ಸಲಹಾ ಸಮಿತಿಯೇ, ಹೋದವರಲ್ಲಿ ನಾಲ್ಕರಲ್ಲಿ ಒಬ್ಬರಿಗಾದರೂ ಈ ಕಾಯಿಲೆ ಇದೆ, ಇದು ನಿಜವಾದದ್ದು ಅಂತ ಒಪ್ಪಿತು. ಯುದ್ಧ ಮುಗಿದು 17 ವರ್ಷ ಆದ ಮೇಲೆ!

ಇಷ್ಟು ತಡ ಯಾಕಾಯಿತು ಅಂದರೆ, ಯಾರು ಎಲ್ಲಿದ್ದರು, ಏನು ನುಂಗಿದರು, ಯಾವ ಗಾಳಿ ಕುಡಿದರು ಅನ್ನುವ ಬರಹ ಇರಲಿಲ್ಲ. ನರ್ವ್ ಗ್ಯಾಸಿನಿಂದ ಕಾಪಾಡಲಿ ಅಂತ ಪಿರಿಡೋಸ್ಟಿಗ್ಮಿನ್ ಮಾತ್ರೆ ಹಂಚಿದ್ದರು. ಯಾರು ಎಷ್ಟು ತಿಂದರು ಅಂತ ಗೊತ್ತಿಲ್ಲ. ಕೀಟನಾಶಕ ಸಿಂಪಡಿಸಿದ್ದರು, ಅದರದ್ದೂ ಅದೇ ಕತೆ. 1991ರ ಮಾರ್ಚ್‌ನಲ್ಲಿ ಇರಾಕಿನ ಖಾಮಿಸಿಯಾ ಅನ್ನುವ ಕಡೆ ಒಂದು ಮದ್ದುಗುಂಡಿನ ಉಗ್ರಾಣವನ್ನು ಅಮೆರಿಕನ್ನರು ಸ್ಫೋಟಿಸಿದರು. ಅದರೊಳಗೆ ಸಾರಿನ್ ವಿಷಾನಿಲದ ರಾಕೆಟ್‌ಗಳು ಇದ್ದವು ಅಂತ ಅವರ ರಕ್ಷಣಾ ಇಲಾಖೆ ಪೆಂಟಗನ್ ಒಪ್ಪಿಕೊಂಡದ್ದು 1996ರಲ್ಲಿ. ಆಮೇಲೆ ಹವಾಮಾನದ ಲೆಕ್ಕ ಹಾಕಿ, ಗಾಳಿ ಬೀಸಿದ ದಿಕ್ಕಿನಲ್ಲಿ ಇದ್ದಿರಬಹುದಾದ ಸುಮಾರು ಒಂದು ಲಕ್ಷ ಜನರಿಗೆ ಪತ್ರ ಕಳಿಸಿದರು. 2000ದಲ್ಲಿ ಲೆಕ್ಕ ತಿದ್ದಿದರು. ಮೊದಲು ಪತ್ರ ಬಂದಿದ್ದ ಸಾವಿರಾರು ಜನರಿಗೆ ‘ನೀವು ಅಲ್ಲಿ ಇರಲಿಲ್ಲ’ ಅಂತ ಇನ್ನೊಂದು ಪತ್ರ. ಏನೂ ಬಾರದಿದ್ದವರಿಗೆ ‘ನೀವು ಇದ್ದಿರಬಹುದು’ ಅಂತ ಹೊಸ ಪತ್ರ. ಆ ಮನೆಗಳಲ್ಲಿ ಹೇಗಾಗಿರಬೇಡ!

ಅದಕ್ಕೇ 1997ರಲ್ಲಿ ಕಾಯ್ದೆ ಬಂತು. ಹೊರಡುವ ಮೊದಲು, ಬಂದ ಮೇಲೆ ಪರೀಕ್ಷೆ ಆಗಬೇಕು, ರಕ್ತ ತೆಗೆದಿಡಬೇಕು, ಎಲ್ಲದಕ್ಕೂ ದಾಖಲೆ ಇರಬೇಕು ಅಂತ. ಈಗ ಅಲ್ಲಿ ಹೊರಡುವಾಗ ಒಂದು ಫಾರಂ. ವಾಪಸ್ ಬರುವ ದಿನದ ಹಿಂದೆ ಮುಂದೆ 30 ದಿನದೊಳಗೆ ಒಂದು. ಅದಲ್ಲದೆ 2005ರಿಂದ ಇನ್ನೊಂದು: ಬಂದು 90ರಿಂದ 180 ದಿನದ ನಡುವೆ.

ಈ ಮೂರನೆಯ ಫಾರಂ ಯಾಕೆ ಬೇಕಾಯಿತು ಅನ್ನೋದೇ ನಿಮಗೆ ನಾನು ಮುಖ್ಯವಾಗಿ ಹೇಳಬೇಕಾದದ್ದು. ಬಂದ ದಿನದ ಪರೀಕ್ಷೆಯನ್ನು ನಂಬೋಕೆ ಆಗೋದಿಲ್ಲ. ಅವತ್ತು ಯಾರಿಗೂ ಕಾಯಿಲೆ ಇರೋದಿಲ್ಲ. ಮನೆಗೆ ಹೋಗಬೇಕು, ಅಷ್ಟೇ. ‘ಹೌದು, ತೊಂದರೆ ಇದೆ’ ಅಂತ ಬರೆದರೆ ಇನ್ನೂ ಎರಡು ದಿನ ಅಲ್ಲೇ ಕೂರಿಸುತ್ತಾರೆ ಅನ್ನುವ ಭಯ. ಇನ್ನೊಂದು, ಮೈಮನಸ್ಸು ಆಗಿನ್ನೂ ಆ ಜಾಗದ ಲಯದಲ್ಲೇ ಇರುತ್ತದೆ. ತೊಂದರೆ ಕಾಣೋದು ಮನೆಯಲ್ಲಿ, ನಿಧಾನಕ್ಕೆ. ಇರಾಕಿನಿಂದ ಬಂದ 88,235 ಸೈನಿಕರ ಎರಡೂ ಫಾರಂಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನ 2007ರಲ್ಲಿ ಬಂತು. ಮನೆಯವರ ಜೊತೆ, ಹತ್ತಿರದವರ ಜೊತೆ ಜಗಳ ಜಾಸ್ತಿ ಆಗಿದೆ ಅಂತ ಬರೆದವರು, ಕಾಯಂ ಸೈನಿಕರಲ್ಲಿ, ಬಂದಾಗ ಶೇ. 3.5. ಕೆಲವು ತಿಂಗಳ ಮೇಲೆ ಕೇಳಿದಾಗ ಶೇ. 14. ಅದೇ ಜನ, ಅದೇ ಪ್ರಶ್ನೆ.

ಇನ್ನೊಂದು ಅಧ್ಯಯನದಲ್ಲಿ ಹೆಸರು ಬರೆಯುವ ಫಾರಂ ಒಮ್ಮೆ, ಹೆಸರಿಲ್ಲದ ಕಾಗದ ಒಮ್ಮೆ ಕೊಟ್ಟರು. ಹೆಸರಿಲ್ಲದ್ದರಲ್ಲಿ ಮನಸ್ಸಿನ ತೊಂದರೆ ಹೇಳಿಕೊಂಡವರು ಎರಡರಿಂದ ನಾಲ್ಕು ಪಟ್ಟು ಜಾಸ್ತಿ. ನಮ್ಮ ‘ಸಬ್ ಠೀಕ್ ಹೈ’ ಅಲ್ಲೂ ಇದೆ, ಇಂಗ್ಲಿಷಿನಲ್ಲಿ.

ಫಾರಂ ತುಂಬಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತಲೂ ಅಲ್ಲ. ಅಫ್ಘಾನಿಸ್ತಾನದಿಂದ ಬಂದ ಸುಮಾರು ಹತ್ತು ಸಾವಿರ ಬ್ರಿಟಿಷ್ ಸೈನಿಕರಲ್ಲಿ ಕೆಲವರಿಗೆ ಪ್ರಶ್ನಾವಳಿ ಕೊಟ್ಟು ಅವರವರ ಉತ್ತರಕ್ಕೆ ತಕ್ಕ ಸಲಹೆ ಕೊಟ್ಟರು. ಉಳಿದವರಿಗೆ ಸಾಮಾನ್ಯ ಸಲಹೆ ಅಷ್ಟೇ. ಒಂದೆರಡು ವರ್ಷ ಬಿಟ್ಟು ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. 2017ರಲ್ಲಿ ಅದು ಪ್ರಕಟವಾಯಿತು. ನನಗೇನೂ ಆಶ್ಚರ್ಯ ಆಗಲಿಲ್ಲ. ಕಂಪ್ಯೂಟರ್ ಪರದೆ ನೋಡಿ ಯಾರೂ ಅಳೋದಿಲ್ಲ. ಎದುರಿಗೆ ಕೂತು, ಚಹಾ ಕೊಟ್ಟು, ‘ನಿದ್ದೆ ಹೆಂಗೈತಿ?’ ಅಂತ ಕೇಳುವವರು ಬೇಕು.

ನಮ್ಮವರ ಬಗ್ಗೆಯೂ ಒಂದು ಒಳ್ಳೆಯ ಮಾತು ಹೇಳಲೇಬೇಕು. ಎತ್ತರದ ಜಾಗದ ಕಾಯಿಲೆಗಳ ಬಗ್ಗೆ ಜಗತ್ತಿಗೆ ಪಾಠ ಹೇಳಿದವರಲ್ಲಿ ಭಾರತದ ಸೇನೆಯ ಡಾಕ್ಟರುಗಳೂ ಇದ್ದಾರೆ. 1962ರ ಚೀನಾ ಯುದ್ಧದ ಸಮಯದಲ್ಲಿ ಬಯಲುಸೀಮೆಯ ಜವಾನರನ್ನು ವಿಮಾನದಲ್ಲಿ ಏಕಾಏಕಿ 11,000 ಅಡಿಗೂ ಮೇಲೆ ಇಳಿಸಿದರು. ಗಟ್ಟಿಮುಟ್ಟಾದ ಹುಡುಗರು ಒಂದೆರಡು ದಿನದಲ್ಲಿ ಉಸಿರು ಸಿಗದೆ, ಬಾಯಲ್ಲಿ ನೊರೆ ಬಂದು ಬೀಳತೊಡಗಿದರು. ಮೊದಮೊದಲು ನ್ಯುಮೋನಿಯಾ ಅಂದುಕೊಂಡರು. ಅದು ಶ್ವಾಸಕೋಶದಲ್ಲಿ ನೀರು ತುಂಬುವ ಕಾಯಿಲೆ, ಫೌಜಿಗಳ ಬಾಯಲ್ಲಿ ‘ಹ್ಯಾಪೋ’. ಲೇಹ್‌ನ ಆಸ್ಪತ್ರೆಯಲ್ಲಿ ಮೆನನ್ ಅನ್ನುವ ವೈದ್ಯರು 101 ರೋಗಿಗಳ ವಿವರ ಬರೆದು 1965ರಲ್ಲಿ ಪ್ರಕಟಿಸಿದರು. ಇಂದರ್ ಸಿಂಗ್ ಮತ್ತು ಜೊತೆಗಾರರು 1,925 ಸೈನಿಕರ ಲೆಕ್ಕ ಇಟ್ಟು 1969ರಲ್ಲಿ ಬರೆದರು. ಯಾರು ಯಾವ ದಿನ ಎಷ್ಟು ಎತ್ತರಕ್ಕೆ ಬಂದ, ಎಷ್ಟು ಗಂಟೆಗೆ ತಲೆನೋವು ಶುರುವಾಯಿತು, ಎಲ್ಲಾ. ಇವತ್ತಿಗೂ ಜಗತ್ತಿನ ಪಠ್ಯಪುಸ್ತಕಗಳು ಆ ಎರಡು ಬರಹಗಳನ್ನು ಬಿಟ್ಟು ಮುಂದೆ ಹೋಗೋದಿಲ್ಲ.

ನಿಮ್ಮ ಯಜಮಾನರು ಮೇಲೆ ಹೋಗುವ ಮೊದಲು ಮಾಡಿದ ‘ಅಕ್ಲಮಟೈಸೇಷನ್’, ಅಂದರೆ ಎತ್ತರಕ್ಕೆ ಮೈ ಒಗ್ಗಿಸೋದು ಇದೆಯಲ್ಲ, ಅದು ಇಂಥ ಲೆಕ್ಕಗಳಿಂದಲೇ ಹುಟ್ಟಿದ್ದು. 9,000 ಅಡಿಯಿಂದ 12,000 ಅಡಿಯವರೆಗೆ ಆರು ದಿನ, 15,000 ಅಡಿಯವರೆಗೆ ನಾಲ್ಕು ದಿನ, ಅದರ ಮೇಲೆ ಮತ್ತೆ ನಾಲ್ಕು ದಿನ. ಒಟ್ಟು 14. ಮೊದಲೆರಡು ದಿನ ಸುಮ್ನೆ ಕೂರಬೇಕು, ಆಮೇಲೆ ನಿಧಾನ ನಡಿಗೆ, ಆಮೇಲೆ ಹತ್ತೋದು. ‘ಟೈಮ್ ವೇಸ್ಟ್’ ಅಂತ ಗೊಣಗುವ ಹೊಸಬರು ಇದ್ದೇ ಇರುತ್ತಾರೆ. ಆ 14 ದಿನಗಳ ಹಿಂದೆ ಎಷ್ಟೋ ಹುಡುಗರ ಜೀವ ಇದೆ.

ಇನ್ನು ಅವರ ತೊಂದರೆಗಳ ಬಗ್ಗೆ. ಸಿಯಾಚಿನ್‌ನಲ್ಲಿ 1984ರ ಏಪ್ರಿಲ್‌ನಿಂದ ನಮ್ಮ ಸೇನೆ ಇದೆ. ಅಲ್ಲಿ ಶತ್ರುವಿನ ಗುಂಡಿಗಿಂತ ಹವೆ, ಎತ್ತರ, ಹಿಮಕುಸಿತಕ್ಕೇ ಜಾಸ್ತಿ ಜನ ಹೋಗಿದ್ದಾರೆ. 2016ರ ಫೆಬ್ರುವರಿಯಲ್ಲಿ ಕುಂದಗೋಳ ತಾಲ್ಲೂಕು ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರಿಗಾಗಿ ಇಡೀ ನಾಡು ಕಾದು ಕೂತದ್ದು ನಿಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಿಮಕುಸಿತ ಸುದ್ದಿಯಾಗುತ್ತದೆ. ಸುದ್ದಿಯಾಗದೆ ಮೈಯೊಳಗೆ ಉಳಿಯುವುದು ಬೇರೆ.

ನಿದ್ದೆ ಮತ್ತು ಮರೆವನ್ನು ಮೊದಲು ನೋಡೋಣ. ಅಷ್ಟು ಎತ್ತರದಲ್ಲಿ ಮಲಗಿದರೆ ಉಸಿರು ಸ್ವಲ್ಪ ಹೊತ್ತು ನಿಂತು, ಮತ್ತೆ ಜೋರಾಗಿ ಶುರುವಾಗುತ್ತದೆ. ರಾತ್ರಿಯಿಡೀ ಹೀಗೆ ಎಚ್ಚರ ಆಗುತ್ತಲೇ ಇರುತ್ತದೆ. ಮೂರು ತಿಂಗಳು ಸರಿಯಾಗಿ ನಿದ್ದೆ ಇಲ್ಲದ ಮೆದುಳು ಇಳಿದ ಕೂಡಲೇ ಸರಿಹೋಗೋದಿಲ್ಲ. ಬಹಳ ಜನರಿಗೆ ಕೆಲವು ವಾರಗಳಲ್ಲಿ ತಾನಾಗಿ ಸುಧಾರಿಸುತ್ತದೆ. ನಿಮ್ಮವರು ಇಳಿದು ಒಂದೂವರೆ ತಿಂಗಳಾಗಿದೆ. ದಿನ ಕಳೆದಂತೆ ಕಡಿಮೆ ಆಗುತ್ತಿದ್ದರೆ ಗಾಬರಿ ಬೇಡ. ಹಾಗೇ ಇದ್ದರೆ, ಅಥವಾ ಜಾಸ್ತಿ ಆಗುತ್ತಿದ್ದರೆ, ಬೆಚ್ಚಿ ಎದ್ದು ಬೆವರುತ್ತಿದ್ದರೆ, ಯಾರ ಹತ್ತಿರವೂ ಕೂರದೆ ದೂರ ಸರಿಯುತ್ತಿದ್ದರೆ, ತೋರಿಸಬೇಕು. ಒಂದು ಮಾತು ಬೇಜಾರಿಲ್ಲದೆ ಕೇಳಿ: ಕ್ಯಾಂಟೀನಿನ ರಮ್ ನಿದ್ದೆಯ ಔಷಧಿ ಆಗಿಬಿಟ್ಟಿದೆಯಾ ಅಂತ ಗಮನಿಸಿ. ಕುಡಿದು ಬರುವ ನಿದ್ದೆ ಅರ್ಧರಾತ್ರಿಗೆ ಮುಗಿಯುತ್ತದೆ, ಆಮೇಲೆ ಸಿಟ್ಟು ಶುರು.

ಕಿವಿಯ ಸದ್ದು ಎತ್ತರಕ್ಕಿಂತ ಜಾಸ್ತಿ ಗುಂಡಿನ ಸದ್ದಿಗೆ ಸಂಬಂಧಿಸಿದ್ದು. ಇಪ್ಪತ್ತು ಚಿಲ್ಲರೆ ವರ್ಷ ಫೈರಿಂಗ್ ರೇಂಜಿನಲ್ಲಿ ನಿಂತ ಕಿವಿ ಅದು. ಆಡಿಯೋಮೆಟ್ರಿ, ಅಂದರೆ ಯಂತ್ರ ಇಟ್ಟು ಕಿವಿ ಅಳೆಯುವ ಪರೀಕ್ಷೆ ಮಾಡಿಸಬೇಕು. ಪಿಸುಗುಟ್ಟಿ ‘ಕೇಳಿಸುತ್ತಾ?’ ಅಂತ ನೋಡುವ ಪರೀಕ್ಷೆ ಸಾಲದು.

ಒಂದು ವಿಷಯ ಮಾತ್ರ ತಡ ಮಾಡೋಕೆ ಆಗದಂಥದ್ದು. ಎತ್ತರದಲ್ಲಿ ಆಮ್ಲಜನಕ ಕಡಿಮೆ, ಅದಕ್ಕೆ ದೇಹ ಕೆಂಪು ರಕ್ತಕಣ ಜಾಸ್ತಿ ಮಾಡಿಕೊಳ್ಳುತ್ತದೆ. ರಕ್ತ ಗಟ್ಟಿಯಾಗುತ್ತದೆ. ಮೇಲೆ ನೀರು ಕುಡಿಯೋದೂ ಕಡಿಮೆ, ಟೆಂಟಿನಲ್ಲಿ ಓಡಾಟವೂ ಕಡಿಮೆ. ಕಾಲಿನ ರಕ್ತನಾಳದಲ್ಲೋ, ಮೆದುಳಿನ ರಕ್ತನಾಳದಲ್ಲೋ ಹೆಪ್ಪುಗಟ್ಟುವ ಅಪಾಯ ತಿಂಗಳುಗಟ್ಟಲೆ ಮೇಲಿದ್ದವರಿಗೆ ಕೆಳಗಿನವರಿಗಿಂತ ಬಹಳ ಜಾಸ್ತಿ. ನಮ್ಮ ಸೇನೆಯ ವೈದ್ಯರೇ ಇದನ್ನು ಬರೆದಿದ್ದಾರೆ. 5,800 ಮೀಟರಿಗೂ ಮೇಲೆ ವಾರಗಟ್ಟಲೆ ಇದ್ದ 21 ಜವಾನರಿಗೆ ಹೃದಯದ ಬಲಭಾಗ ಸೋತು ಮೈ ಬಾತುಕೊಂಡ ವಿವರವೂ 1990ರಲ್ಲಿ ಪ್ರಕಟವಾಗಿದೆ. ಅವರು ಕೆಳಗೆ ಬಂದ ಮೇಲೆ ಗುಣವಾದರು. ಹಾಗಾಗಿ ಒಂದೇ ಕಾಲು ಬಾತರೆ, ಮೀನಖಂಡ ನೋವಾದರೆ, ಎದೆನೋವು ಅಥವಾ ಏದುಸಿರು ಬಂದರೆ, ಮಾತು ತೊದಲಿದರೆ, ಒಂದು ಕೈ ಸೋತರೆ, ಕೂಡಲೇ ಹತ್ತಿರದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಿಲಿಟರಿ ಆಸ್ಪತ್ರೆಯೇ ಆಗಬೇಕು ಅಂತ ಕಾಯಬೇಡಿ. ಅಲ್ಲಿನ ಡಾಕ್ಟರಿಗೆ ‘ಇವರು ಇಷ್ಟು ದಿನದ ಹಿಂದೆ ಸಿಯಾಚಿನ್‌ನಿಂದ ಇಳಿದವರು’ ಅಂತ ನೀವೇ ಬಾಯಿಬಿಟ್ಟು ಹೇಳಿ. ಅವರಾಗಿ ಕೇಳೋದಿಲ್ಲ.

ಈಗ ಕಾಗದದ ಮಾತು. ಪಿಂಚಣಿಗೆ ಬರುವ ಮೊದಲು ಬಿಡುಗಡೆಯ ವೈದ್ಯಕೀಯ ಪರೀಕ್ಷೆ ಆಗುತ್ತದೆ. ಕ್ಯಾಟಗರಿ ಇದ್ದವರಿಗೆ ಮೂರು ಡಾಕ್ಟರ ಮಂಡಳಿ, ‘ರಿಲೀಸ್ ಮೆಡಿಕಲ್ ಬೋರ್ಡ್’. ಕಾಯಿಲೆ ಏನು, ಅಂಗವೈಕಲ್ಯ ಶೇಕಡಾ ಎಷ್ಟು, ಅದು ಸೇವೆಯಿಂದ ಬಂದದ್ದಾ, ಸೇವೆಯಿಂದ ಜಾಸ್ತಿ ಆದದ್ದಾ ಅಂತ ಆ ಮಂಡಳಿ ಬರೆಯುತ್ತದೆ. ಎರಡೂ ಅಲ್ಲ ಅಂತ ಬರೆದರೆ, ಅಥವಾ ಶೇ. 20ಕ್ಕಿಂತ ಕಡಿಮೆ ಅಂತ ಬರೆದರೆ, ಅಂಗವೈಕಲ್ಯ ಪಿಂಚಣಿ ಸಿಗೋದು ಕಷ್ಟ. ಕೊನೆಯ ದಿನಗಳಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. ಮನೆಗೆ ಹೋಗುವ ಅವಸರದಲ್ಲಿ ಎಲ್ಲದಕ್ಕೂ ‘ಇಲ್ಲ, ಇಲ್ಲ’ ಅಂತ ಟಿಕ್ ಹಾಕಿ ಸಹಿ ಮಾಡೋದು. ನಿಮ್ಮವರಿಗೆ ಈಗ ಪ್ರಮೋಷನ್ ಭಯ ಇಲ್ಲ ಅಲ್ವಾ? ನಿವೃತ್ತಿಯ ಮೇಲೆ ಡಿ.ಎಸ್.ಸಿ., ಅಂದರೆ ಡಿಫೆನ್ಸ್ ಸೆಕ್ಯುರಿಟಿ ಕೋರ್ ಸೇರುವ ಆಸೆ ಇದ್ದರೆ ಅದಕ್ಕೆ ಫಿಟ್‌ನೆಸ್ ಬೇಕಾಗುತ್ತದೆ, ಅದು ನಿಜ. ಆ ಲೆಕ್ಕ ನೀವಿಬ್ಬರೂ ಕೂತು ಹಾಕಬೇಕು. ಆದರೆ ಗುಂಡಿ ಹಾಕೋಕೆ ಆಗದ ಬೆರಳನ್ನು ಮುಚ್ಚಿಟ್ಟು ರೈಫಲ್ ಹಿಡಿಯುವ ಕೆಲಸಕ್ಕೆ ಸೇರೋದು ನನಗೆ ಸರಿ ಕಾಣೋದಿಲ್ಲ.

ಸುಪ್ರೀಂ ಕೋರ್ಟಿನ ಒಂದು ತೀರ್ಪಿನ ಬಗ್ಗೆ ನಿವೃತ್ತ ಫೌಜಿಗಳು ಬಹಳ ಮಾತಾಡುತ್ತಾರೆ, ನೀವೂ ಕೇಳಿರಬಹುದು. 2013ರ ಧರಮ್‌ವೀರ್ ಸಿಂಗ್ ಪ್ರಕರಣ. ಸೇರುವಾಗ ಕಾಯಿಲೆ ಇತ್ತು ಅಂತ ಬರೆದಿಲ್ಲ ಅಂದರೆ ಅದು ಸೇವೆಯಲ್ಲಿ ಬಂದದ್ದು ಅಂತಲೇ ಇಟ್ಟುಕೊಳ್ಳಬೇಕು, ಅಲ್ಲ ಅನ್ನುವವರೇ ಕಾರಣ ಕೊಡಬೇಕು ಅಂತ ಕೋರ್ಟ್ ಹೇಳಿತು. ದೊಡ್ಡ ತೀರ್ಪು. ಆದರೆ ಅದು ಹಳೆಯ ನಿಯಮಗಳ ಮೇಲೆ ಬಂದದ್ದು. 2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮಾವಳಿ ಬಂದಿದೆ, ನಿಮ್ಮವರು ಅದರ ಕೆಳಗೆ ಬರುತ್ತಾರೆ. ತೀರ್ಪು ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಕಾಗದ ಮಾಡಿಟ್ಟುಕೊಳ್ಳಿ.

ಕಾಗದ ಅಂದರೆ ಹೀಗೆ. ಈ ರಜೆ ಮುಗಿಯುವುದರೊಳಗೆ ಹತ್ತಿರದ ಮಿಲಿಟರಿ ಆಸ್ಪತ್ರೆಗೆ, ನಿಮಗೆ ಬೆಳಗಾವಿ ಅನುಕೂಲ, ಹೋಗಿ ಬೆರಳು ತೋರಿಸಲಿ. ಇಲ್ಲವೆಂದರೆ ಘಟಕಕ್ಕೆ ವಾಪಸ್ ಹೋದ ಮೊದಲ ವಾರದಲ್ಲೇ ಎಂ.ಐ. ರೂಮಿನಲ್ಲಿ ಸಿಕ್ ರಿಪೋರ್ಟ್ ಮಾಡಲಿ. ಬರೀ ‘ಕೈ ಜೋಮು’ ಅಂತ ಬರೆಸಿದರೆ ಸಾಲದು. ಯಾವ ತಿಂಗಳು, ಎಷ್ಟು ಎತ್ತರದಲ್ಲಿ, ಯಾವ ಕೆಲಸ ಮಾಡುವಾಗ ಶುರುವಾಯಿತು ಅಂತ ಬರೆಸಬೇಕು. ಪೋಸ್ಟಿನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ನೋಡಿದ್ದರೆ ಅದನ್ನೂ ಹೇಳಲಿ. ಆಸ್ಪತ್ರೆಯ ಡಿಸ್ಚಾರ್ಜ್ ಸ್ಲಿಪ್, ಕ್ಯಾಟಗರಿ ಬೋರ್ಡಿನ ಪ್ರತಿ, ಕಿವಿ ಪರೀಕ್ಷೆಯ ಕಾಗದ, ಎಲ್ಲದರ ಒಂದೊಂದು ಪ್ರತಿ ನಿಮ್ಮ ಟ್ರಂಕಿನಲ್ಲಿ ಇರಲಿ. ಮೂಲ ದಾಖಲೆ ಘಟಕದಲ್ಲಿ, ಆಮೇಲೆ ರೆಕಾರ್ಡ್ ಆಫೀಸಿನಲ್ಲಿ ಇರುತ್ತದೆ, ನಿಜ. ಆದರೆ ಆಸ್ಪತ್ರೆಗಳು ಹಳೆಯ ಕಾಗದ ಶಾಶ್ವತವಾಗಿ ಇಟ್ಟುಕೊಳ್ಳೋದಿಲ್ಲ. ಪೋಸ್ಟಿನ ಫೋಟೋ, ಹೆಸರು ಇದ್ದ ಕಾಗದಗಳನ್ನು ಮಾತ್ರ ವಾಟ್ಸಾಪ್‌ನಲ್ಲಿ ಹಂಚಬೇಡಿ.

ನನ್ನ ಹತ್ತಿರ ಬರುವ ಒಬ್ಬ ನಿವೃತ್ತ ನಾಯಕ್ ಇದ್ದಾರೆ. ಚಳಿಗಾಲ ಬಂದರೆ ಕಾಲ್ಬೆರಳು ನೀಲಿಗಟ್ಟಿ ನೋಯುತ್ತದೆ. ಸೇವೆಯಲ್ಲಿ ಇದ್ದಾಗ ಆದದ್ದು ಅಂತ ತೋರಿಸೋಕೆ ಅವರ ಹತ್ತಿರ ಇದ್ದದ್ದು ಒಂದೇ ಚೀಟಿ. ಒಂದು ಆಸ್ಪತ್ರೆಯಲ್ಲಿ ಕೊಟ್ಟದ್ದು, ಅದರಲ್ಲಿ ತಾರೀಖು ಬರೆದೇ ಇರಲಿಲ್ಲ. ಆ ಒಂದು ತಾರೀಖಿಗಾಗಿ ಅವರು ಎರಡು ವರ್ಷ ಓಡಾಡಿದರು. ಕೊನೆಗೆ ಉಪಯೋಗಕ್ಕೆ ಬಂದದ್ದು ಅವರ ಹೆಂಡತಿ ಎತ್ತಿಟ್ಟಿದ್ದ ಒಂದು ಪತ್ರ. ‘ಕಾಲಿಗೆ ಬರ್ಫ್ ಹೊಡೆದಿದೆ, ಆಸ್ಪತ್ರೆಯಲ್ಲಿ ಇದ್ದೇನೆ, ಅವ್ವಗ ಹೇಳಬ್ಯಾಡ’ ಅಂತ ಬರೆದಿದ್ದ ಇನ್‌ಲ್ಯಾಂಡ್ ಲೆಟರ್, ಮೇಲೆ ಅಂಚೆ ಮುದ್ರೆಯ ತಾರೀಖು. ಅದನ್ನು ಹಿಡಿದು ಆ ತಿಂಗಳ ರಿಜಿಸ್ಟರ್ ಹುಡುಕಿಸಿದರು.

ಅದಕ್ಕೇ ನಿಮಗೂ ಒಂದು ಕೆಲಸ ಹೇಳುತ್ತೇನೆ. ಮಗನ ಒಂದು ಖಾಲಿ ನೋಟ್‌ಬುಕ್ ತೆಗೆದುಕೊಳ್ಳಿ. ವಾರಕ್ಕೆ ಒಂದು ಸಲ, ತಾರೀಖು ಹಾಕಿ ನಾಲ್ಕು ಸಾಲು ಬರೆಯಿರಿ. ಎಷ್ಟು ಗಂಟೆ ಮಲಗಿದರು, ಯಾವುದಕ್ಕೆ ಸಿಟ್ಟು ಬಂತು, ಗುಂಡಿ ತಾವೇ ಹಾಕಿದರಾ, ಕಿವಿ ಹೇಗಿದೆ. ಅವರಿಗೆ ಗೊತ್ತಿದ್ದೇ ಬರೆಯಿರಿ, ಕಳ್ಳತನದಿಂದ ಬೇಡ. ಇಳಿದ ದಿನದಿಂದ ಲೆಕ್ಕ ಹಾಕಿ ಮೂರು ತಿಂಗಳಿಗೆ ಒಮ್ಮೆ, ಆರು ತಿಂಗಳಿಗೆ ಒಮ್ಮೆ ಆ ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಕೂರಬೇಕು. ಅಮೆರಿಕದ ಮೂರನೆಯ ಫಾರಂ ಮಾಡುವ ಕೆಲಸ ಇದೇ. ನಿಮ್ಮದರಲ್ಲಿ ಪ್ರಶ್ನೆಗಳು ಇನ್ನೂ ಚೆನ್ನಾಗಿವೆ.

ಮನಸ್ಸಿನ ತೊಂದರೆಗೆ 14416ಕ್ಕೆ ಫೋನ್ ಮಾಡಬಹುದು. ಟೆಲಿ-ಮಾನಸ್ ಅಂತ ಕೇಂದ್ರ ಸರ್ಕಾರದ ಸೇವೆ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಕನ್ನಡದಲ್ಲೇ ಮಾತಾಡಬಹುದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಸೇನೆಯವರಿಗೆ, ಅವರ ಮನೆಯವರಿಗೆ ಅಂತಲೇ ಪುಣೆಯ ಸೇನಾ ವೈದ್ಯಕೀಯ ಕಾಲೇಜು ಎಎಫ್‌ಎಂಸಿಯಲ್ಲಿ 2023ರ ಡಿಸೆಂಬರ್‌ನಿಂದ ಒಂದು ಪ್ರತ್ಯೇಕ ವಿಭಾಗ ಇದೆ. ‘ಸಾಯಬೇಕು ಅನ್ನಿಸುತ್ತೆ’ ಅನ್ನುವಂಥ ಮಾತು ಒಂದು ಸಲ ಬಂದರೂ ಅದನ್ನು ತಮಾಷೆ ಅಂದುಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ.

ನಿವೃತ್ತಿಯಾದ ಮೇಲೆ ಇ.ಸಿ.ಎಚ್.ಎಸ್. ಇದೆ. 2003ರಿಂದ ನಡೆಯುತ್ತಿರುವ ಮಾಜಿ ಸೈನಿಕರ ಆರೋಗ್ಯ ಯೋಜನೆ. ಬೆಳಗಾವಿ, ಧಾರವಾಡ ಎರಡೂ ಕಡೆ ಪಾಲಿಕ್ಲಿನಿಕ್ ಇದೆ. ಕಾರ್ಡಿನ ಅರ್ಜಿಯನ್ನು ಪಿಂಚಣಿ ಕಾಗದಗಳ ಜೊತೆಗೇ ಮುಗಿಸಿಬಿಡಿ, ಆಮೇಲೆ ನೋಡೋಣ ಅಂದರೆ ವರ್ಷ ಹೋಗುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ ಕೇಳಿ.

ನಿವೃತ್ತಿಗೆ ಮೊದಲು ಅವರು ಮತ್ತೆ ಎತ್ತರದ ಜಾಗಕ್ಕೆ ಹೋಗಬೇಕಾಗಿ ಬಂದರೆ, ‘ಮೊನ್ನೆ ತಾನೇ ಇದ್ದು ಬಂದಿದ್ದೀನಿ’ ಅಂತ ಅಕ್ಲಮಟೈಸೇಷನ್ ತಪ್ಪಿಸೋದು ಬೇಡ. ಕೆಳಗೆ ಬಂದು ಕೆಲವು ವಾರ ಇದ್ದರೆ ದೇಹ ಎತ್ತರದ ಅಭ್ಯಾಸ ಬಿಟ್ಟುಬಿಡುತ್ತದೆ. ಚಳಿ ಹೊಡೆದ ಬೆರಳಿಗೆ ಎರಡನೆಯ ಸಲ ಇನ್ನೂ ಬೇಗ ಹೊಡೆಯುತ್ತದೆ. ಹೋಗುವ ಮುಂಚೆಯೇ ಬೆರಳಿನ ವಿಷಯ ಡಾಕ್ಟರಿಗೆ ಹೇಳಲೇಬೇಕು.

ಅಲ್ಲಿಯ ತನಕ ಮನೆಯಲ್ಲಿ ಒಂದು ಎಚ್ಚರ. ಬೆರಳಿಗೆ ಸ್ಪರ್ಶ ಸರಿಯಾಗಿ ಇಲ್ಲದವರಿಗೆ ಬಿಸಿಯೂ ಸರಿಯಾಗಿ ಗೊತ್ತಾಗೋದಿಲ್ಲ. ಒಲೆ ಮುಂದೆ ಕೈ ಕಾಯಿಸಿಕೊಳ್ಳೋದು ಬೇಡ. ಬಿಸಿ ಚಹಾದ ಲೋಟ ಕೊಡುವಾಗ ಬಟ್ಟೆ ಸುತ್ತಿ ಕೊಡಿ. ಸ್ನಾನಕ್ಕೆ ಹಂಡೆಯ ನೀರು ತೋಡಿದ ಮೇಲೆ ಅವರು ಕೈ ಅದ್ದುವ ಮೊದಲು ನೀವು ಒಮ್ಮೆ ಮೊಣಕೈ ಅದ್ದಿ ನೋಡಿ.